ಮೋಟು ಮೂತಿಯ ಪಗ್: ಉಸಿರಿನ ಭೌತಶಾಸ್ತ್ರ

'ಪಗ್' ಎಂದರೆ ಯಾವ ನಾಯಿ ಎಂದು ತಿಳಿಯದವರಿಗೂ 'ಹಚ್ ನಾಯಿ' ಎಂದರೆ ಥಟ್ಟನೆ ತಿಳಿಯುತ್ತದೆ. 2003ರಲ್ಲಿ ಹಚ್ ಎಂಬ ಮೊಬೈಲ್ ದೂರವಾಣಿ ಕಂಪನಿಯ ಜಾಹೀರಾತಿನಲ್ಲಿ, ಪುಟ್ಟ ಹುಡುಗನೊಬ್ಬನನ್ನು ಹೋದಲ್ಲೆಲ್ಲ ಹಿಂಬಾಲಿಸುತ್ತಿದ್ದ ಚಪ್ಪಟೆ ಮುಖದ ನಾಯಿ ಅದು. 2007ರಲ್ಲಿ ಕಂಪನಿ ಕೈ ಬದಲಾಯಿಸಿತು, ಹೆಸರೂ ಬದಲಾಯಿತು. ನಾಯಿಗೆ ಅಂಟಿದ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದುಬಿಟ್ಟಿತು. ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಕಾಣುತ್ತಿದ್ದ ಈ ನಾಯಿ ಈಗ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಂಥ ತಾಲ್ಲೂಕು ಕೇಂದ್ರಗಳ ಮನೆಗಳಲ್ಲೂ ನೋಡಸಿಗುತ್ತದೆ. ನಿಮ್ಮ ಬೀದಿಯಲ್ಲೇ ಒಂದು ಇರಬಹುದು. ನಿಮ್ಮ ಮನೆಯಲ್ಲೇ ಇದ್ದರೂ ಆಶ್ಚರ್ಯವಿಲ್ಲ.

ಪಗ್ ಸಾಕಿದವರನ್ನು ಮಾತನಾಡಿಸಿ ನೋಡಿ. "ಥೇಟ್ ಮನುಷ್ಯರ ಹಾಗೆ ಗೊರಕೆ ಹೊಡೆಯುತ್ತೆ ಸಾರ್" ಎಂದು ನಗುತ್ತಾ ಹೇಳುತ್ತಾರೆ. ಕೂತಲ್ಲೇ ತೂಕಡಿಸುವುದು, ನಾಲ್ಕು ಹೆಜ್ಜೆ ಓಡಿದರೆ ನಾಲಗೆ ಚಾಚಿ ತೇಕುವುದು, ಊಟ ಮಾಡಿದ ತಕ್ಷಣ ಕಕ್ಕುವುದು - ಇವೆಲ್ಲ ಆ ತಳಿಯ ಗುಣ ಎಂದೇ ಅವರು ತಿಳಿದಿರುತ್ತಾರೆ. ಇದು ನಮ್ಮ ಊರಿನವರ ತಪ್ಪು ತಿಳಿವಳಿಕೆ ಮಾತ್ರವಲ್ಲ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಸಿರಾಟದ ಅಡಚಣೆ ಇದ್ದ ಮೋಟು ಮೂತಿಯ ನಾಯಿಗಳ ಮಾಲೀಕರಲ್ಲಿ ಶೇಕಡಾ 58 ಮಂದಿ "ನಮ್ಮ ನಾಯಿಗೆ ಉಸಿರಿನ ತೊಂದರೆ ಏನೂ ಇಲ್ಲ" ಎಂದೇ ಉತ್ತರಿಸಿದ್ದರು.

ನಾನು ಭೌತಶಾಸ್ತ್ರದ ಮೇಷ್ಟ್ರು, ಪಶುವೈದ್ಯನಲ್ಲ. ಆದರೆ ಪಗ್‌ನ ಕಾಯಿಲೆಗಳ ಪಟ್ಟಿಯನ್ನು ನೋಡಿದಾಗ ಭೌತಶಾಸ್ತ್ರ ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಣ್ಣಿನ ಹುಣ್ಣು, ಚರ್ಮದ ಸೋಂಕು, ಹಲ್ಲಿನ ತೊಂದರೆ, ಉಸಿರುಗಟ್ಟುವಿಕೆ, ಬಿಸಿಲಾಘಾತ - ನೋಡಲು ಬೇರೆ ಬೇರೆಯಾದ ಇವುಗಳ ಬಹುಪಾಲು ಒಂದೇ ಒಂದು ಅಳತೆಯಿಂದ ಹುಟ್ಟುತ್ತವೆ. ಆ ಅಳತೆ ಎಂದರೆ ಮೂತಿಯ ಉದ್ದ.

ಮೂಳೆ ಕುಗ್ಗಿತು, ಮಾಂಸ ಕುಗ್ಗಲಿಲ್ಲ

ಪಗ್ ಮೂಲತಃ ಚೀನಾದ ನಾಯಿ. 16ನೇ ಶತಮಾನದ ಹೊತ್ತಿಗೆ ಹಾಲೆಂಡಿಗೂ, ಅನಂತರ ಅಲ್ಲಿಂದ ಇಂಗ್ಲೆಂಡಿಗೂ ಹೋಯಿತು. ವಿಲಿಯಂ ಹೊಗಾರ್ತ್ ಎಂಬ ಆಂಗ್ಲ ಚಿತ್ರಕಾರ 1745ರಲ್ಲಿ ತನ್ನ ಭಾವಚಿತ್ರದ ಜೊತೆಗೆ ತನ್ನ ಪಗ್‌ನ ಚಿತ್ರವನ್ನೂ ಬರೆದಿದ್ದಾನೆ. ಆ ಚಿತ್ರ ಎಲ್ಲಾದರೂ ಸಿಕ್ಕರೆ ವಿದ್ಯಾರ್ಥಿಗಳಿಗೆ ತೋರಿಸಿ. ಅದರಲ್ಲಿನ ನಾಯಿಗೆ ಗುರುತಿಸಬಹುದಾದ ಮೂತಿ ಇದೆ! ಅನಂತರದ ಕಾಲದಲ್ಲಿ ಇನ್ನೂ ಚಪ್ಪಟೆ, ಇನ್ನೂ ದುಂಡು ಮುಖ ಬೇಕೆಂದು ಮನುಷ್ಯರು ಆರಿಸುತ್ತಾ, ಅಂಥವನ್ನೇ ಜೋಡಿ ಮಾಡಿಸುತ್ತಾ ಬಂದುದರ ಫಲ ಇಂದಿನ ಪಗ್. ಮುಖದ ಉದ್ದವನ್ನು ನಿಯಂತ್ರಿಸುವ ವಂಶವಾಹಿಗಳಲ್ಲಿ 'ಬಿಎಂಪಿ 3' ಮತ್ತು 'ಎಸ್‌ಎಂಒಸಿ 2' ಎಂಬ ಎರಡನ್ನು ಈಗ ಗುರುತಿಸಲಾಗಿದೆ. ಎರಡನೆಯದರಲ್ಲಿ ಹೊರಗಿನಿಂದ ಬಂದು ಸೇರಿಕೊಂಡ ಡಿಎನ್‌ಎ ತುಣುಕೊಂದು ಆ ವಂಶವಾಹಿಯ ಕೆಲಸಕ್ಕೆ ಅಡ್ಡಿಪಡಿಸುತ್ತದೆ ಎಂದು 2017ರಲ್ಲಿ ತಿಳಿದುಬಂತು.

ಇಲ್ಲಿ ತೊಡಕು ಇರುವುದು ಹೀಗೆ. ಆಯ್ಕೆಯಿಂದ ಕುಗ್ಗಿದ್ದು ಮುಖ್ಯವಾಗಿ ಮುಖದ ಮೂಳೆ. ಅದರೊಳಗೆ ಇರಬೇಕಾದ ಮೃದು ಅಂಗಾಂಶಗಳು - ನಾಲಗೆ, ಅಂಗುಳದ ಹಿಂಭಾಗದ ಮೃದು ಪರದೆ, ಮೂಗಿನೊಳಗಿನ ಸುರುಳಿ ಮೂಳೆಗಳ ಮೇಲಿನ ಲೋಳೆಪೊರೆ, ಮುಖದ ಚರ್ಮ - ಅದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ದೊಡ್ಡ ಕಂಬಳಿಯನ್ನು ಚಿಕ್ಕ ಟ್ರಂಕಿಗೆ ತುರುಕಿದ ಹಾಗಾಯಿತು. ಹೊರಗೆ ಉಳಿದದ್ದು ನೆರಿಗೆಯಾಗಿ ಕಾಣುತ್ತದೆ, ನಮಗೆ ಮುದ್ದಾಗಿಯೂ ಕಾಣುತ್ತದೆ. ಒಳಗೆ ಉಳಿದದ್ದು ಗಾಳಿಯ ದಾರಿಗೆ ಅಡ್ಡ ನಿಲ್ಲುತ್ತದೆ. ಹೊಳ್ಳೆಗಳು ಸೀಳಿದ ಗೆರೆಯಂತೆ ಕಿರಿದಾಗಿರುತ್ತವೆ. ಮೂಗಿನ ಸುರುಳಿ ಮೂಳೆಗಳು ಜಾಗ ಸಾಲದೆ ಒಂದಕ್ಕೊಂದು ತಾಗಿಕೊಂಡು, ಹಿಂದಕ್ಕೆ ಗಂಟಲಿನ ದಾರಿಯವರೆಗೂ ಚಾಚಿಕೊಳ್ಳುತ್ತವೆ. ಉದ್ದನೆಯ, ದಪ್ಪನೆಯ ಮೃದು ಅಂಗುಳ ಧ್ವನಿಪೆಟ್ಟಿಗೆಯ ಬಾಯಿಗೇ ಜೋತು ಬೀಳುತ್ತದೆ. ನಾವು ಕೇಳುವ ಗೊರಕೆ ಈ ಪರದೆ ಗಾಳಿಗೆ ಪಟಪಟನೆ ಅದುರುವ ಸದ್ದು.

ನಾಲ್ಕನೇ ಘಾತದ ಲೆಕ್ಕ

ದ್ವಿತೀಯ ಪಿಯುಸಿ ದಾಟಿದ ವಿದ್ಯಾರ್ಥಿಗಳಿಗೆ ಪಾಯ್ಸಲ್ ನಿಯಮ ನೆನಪಿರಬಹುದು. ಕಿರಿದಾದ ಕೊಳವೆಯಲ್ಲಿ ದ್ರವ ಅಥವಾ ಅನಿಲ ಸರಾಗವಾಗಿ, ಪದರ ಪದರವಾಗಿ ಹರಿಯುವಾಗ ಎದುರಿಸುವ ರೋಧವು ಕೊಳವೆಯ ಉದ್ದಕ್ಕೂ ದ್ರವದ ಸ್ನಿಗ್ಧತೆಗೂ ನೇರ ಅನುಪಾತದಲ್ಲಿದ್ದು, ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ವರ್ಗವಲ್ಲ, ಘನವಲ್ಲ, ನಾಲ್ಕನೇ ಘಾತ! ತ್ರಿಜ್ಯ ಶೇಕಡಾ 20ರಷ್ಟು ಕಡಿಮೆಯಾದರೆ ಏನಾಗುತ್ತದೆ? 0.8ರ ನಾಲ್ಕನೇ ಘಾತ 0.41. ಅಂದರೆ ರೋಧ ಸುಮಾರು ಎರಡೂವರೆ ಪಟ್ಟಾಗುತ್ತದೆ. ತ್ರಿಜ್ಯ ಅರ್ಧವಾದರೆ ರೋಧ 16 ಪಟ್ಟು.

ಪಗ್‌ನ ಮೂಗು ನಯವಾದ ದುಂಡು ಕೊಳವೆಯಲ್ಲ ಎಂದು ನೀವು ಆಕ್ಷೇಪಿಸಬಹುದು. ಸರಿಯಾದ ಆಕ್ಷೇಪವೇ. ಆದರೆ ಅದರಿಂದ ಪರಿಸ್ಥಿತಿ ಸುಧಾರಿಸುವುದಿಲ್ಲ, ಕೆಡುತ್ತದೆ. ಅಂಕುಡೊಂಕಾದ ಇಕ್ಕಟ್ಟಿನ ದಾರಿಯಲ್ಲಿ ಗಾಳಿ ವೇಗವಾಗಿ ನುಗ್ಗುವಾಗ ಹರಿವು ಪ್ರಕ್ಷುಬ್ಧವಾಗುತ್ತದೆ, ಸುಳಿಗಳೇಳುತ್ತವೆ. ಆಗ ಎರಡು ಪಟ್ಟು ಗಾಳಿ ಎಳೆಯಲು ಎರಡಲ್ಲ, ಹೆಚ್ಚುಕಡಿಮೆ ನಾಲ್ಕು ಪಟ್ಟು ಒತ್ತಡ ವ್ಯತ್ಯಾಸ ಬೇಕು. ಸುಮ್ಮನೆ ಮಲಗಿದ್ದಾಗ ಹೇಗೋ ಸಾಗುವ ಪಗ್‌ನ ಉಸಿರು ನಾಲ್ಕು ಹೆಜ್ಜೆ ಓಡಿದರೆ ಕಟ್ಟುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಗಾಳಿ ಒಳಬರಬೇಕಾದರೆ ಎದೆಯ ಸ್ನಾಯುಗಳು ಗಂಟಲಿನಲ್ಲಿ ಹೊರಗಿಗಿಂತ ಕಡಿಮೆ ಒತ್ತಡವನ್ನು ಉಂಟುಮಾಡಬೇಕು. ಹೊಳ್ಳೆ ಕಿರಿದಾದಷ್ಟೂ ಈ ಎಳೆತ ಜೋರಾಗಬೇಕು. ಗಂಟಲಿನ ಗೋಡೆಯೋ ಮೃದು. ತೆಳ್ಳನೆಯ ಪ್ಲಾಸ್ಟಿಕ್ ಸ್ಟ್ರಾದಲ್ಲಿ ಮಂದವಾದ ಸಪೋಟಾ ಜ್ಯೂಸು ಕುಡಿಯುವಾಗ ಜೋರಾಗಿ ಎಳೆದರೆ ಸ್ಟ್ರಾ ಒಳಕ್ಕೆ ಅಪ್ಪಚ್ಚಿಯಾಗುವುದನ್ನು ನೀವು ಕಂಡಿದ್ದೀರಿ. ಪಗ್‌ನ ಗಂಟಲಿನಲ್ಲೂ ಅದೇ ಆಗುತ್ತದೆ. ಎಳೆತಕ್ಕೆ ಸಿಕ್ಕ ಅಂಗಾಂಶ ಒಳಕ್ಕೆ ಬಾಗುತ್ತದೆ, ದಾರಿ ಮತ್ತಷ್ಟು ಕಿರಿದಾಗುತ್ತದೆ, ಎಳೆತ ಮತ್ತಷ್ಟು ಹೆಚ್ಚುತ್ತದೆ. ದಿನಕ್ಕೆ ಸಾವಿರಾರು ಸಲದಂತೆ ವರ್ಷಗಟ್ಟಲೆ ಹೀಗಾದಾಗ ಲೋಳೆಪೊರೆ ಊದಿಕೊಳ್ಳುತ್ತದೆ, ಧ್ವನಿಪೆಟ್ಟಿಗೆಯೊಳಗಿನ ಪುಟ್ಟ ಚೀಲಗಳು ಹೊರಮಗುಚಿ ದಾರಿಗೆ ಬರುತ್ತವೆ, ಕೊನೆಗೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿಯೇ ಸೋತು ಕುಸಿಯುತ್ತದೆ. ಆದ್ದರಿಂದಲೇ ಇದು ಹುಟ್ಟಿನಿಂದ ಇದ್ದಂತೆಯೇ ಇರುವ ದೋಷವಲ್ಲ. ವಯಸ್ಸಿನೊಂದಿಗೆ ಬೆಳೆಯುವ ಕಾಯಿಲೆ. ಮರಿಯಾಗಿದ್ದಾಗ 'ಸ್ವಲ್ಪ ಗೊರಕೆ' ಇದ್ದದ್ದು ನಾಲ್ಕೈದು ವರ್ಷಕ್ಕೆ ಕುಸಿದು ಬೀಳುವ ಹಂತಕ್ಕೆ ಬರಬಹುದು.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುವುದರಿಂದ ಅಪಾಯ ಇನ್ನೂ ಹೆಚ್ಚು. ಪಗ್ ಕೂತಲ್ಲೇ ತೂಕಡಿಸುವುದು, ಗೋಡೆಗೋ ದಿಂಬಿಗೋ ಗಲ್ಲ ಎತ್ತಿ ಇಟ್ಟು ಮಲಗುವುದು ತಮಾಷೆಯಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಅದು ಕಂಡುಕೊಂಡ ಉಪಾಯ. ಮನುಷ್ಯರ ನಿದ್ರಾ ಉಸಿರುಕಟ್ಟುವಿಕೆಯನ್ನು ಅರಿಯಲು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 1980ರ ದಶಕದಲ್ಲಿ ಆರಿಸಿಕೊಂಡದ್ದು ಪಗ್‌ನ ಸಂಬಂಧಿಯಂತೆ ಕಾಣುವ, ಅಷ್ಟೇ ಮೋಟು ಮೂತಿಯ ಬುಲ್‌ಡಾಗನ್ನು.

ಹೊಗೆಸೊಪ್ಪಿನ ಬ್ಯಾರನ್ ಮತ್ತು ನಾಯಿಯ ಮೂಗು

ಈಗ ನಮ್ಮ ತಾಲ್ಲೂಕುಗಳಿಗೆ ಬರೋಣ. ಇಂಗ್ಲೆಂಡಿನ ಪಗ್‌ಗೂ ಪಿರಿಯಾಪಟ್ಟಣದ ಪಗ್‌ಗೂ ಮೂತಿ ಒಂದೇ ಆದರೂ ಅವು ಉಸಿರಾಡುವ ಗಾಳಿ ಬೇರೆ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನ ಮೆತ್ತೆಗಳಲ್ಲಿ ಸ್ವಲ್ಪ ಬೆವರು ಬಂದರೂ ಅದರಿಂದ ಮೈ ತಂಪಾಗದು. ಅದು ತಂಪಾಗುವುದು ತೇಕುವುದರಿಂದ. ಹೇಗೆ ತೇಕುತ್ತದೆ ಎಂಬುದನ್ನು ಕ್ನುಟ್ ಸ್ಮಿತ್-ನೀಲ್ಸನ್ ಮತ್ತು ಸಂಗಡಿಗರು 1970ರಲ್ಲಿ ತೋರಿಸಿದರು: ಗಾಳಿ ಮುಖ್ಯವಾಗಿ ಮೂಗಿನಿಂದ ಒಳಗೆ ಹೋಗಿ ಬಾಯಿಂದ ಹೊರಗೆ ಬರುತ್ತದೆ. ಮೂಗಿನೊಳಗಿನ ಸುರುಳಿಗಳ ಒದ್ದೆ ಮೇಲ್ಮೈ ಮೇಲೆ ಹಾಯುವಾಗ ನೀರು ಆವಿಯಾಗಿ, ಗುಪ್ತೋಷ್ಣವನ್ನು ರಕ್ತದಿಂದ ಹೀರಿಕೊಳ್ಳುತ್ತದೆ. ಅದಕ್ಕೆ ಬೇಕಾದ ನೀರನ್ನು ಒದಗಿಸಲೆಂದೇ ಮೂಗಿನ ಪಕ್ಕದಲ್ಲಿ ಒಂದು ಗ್ರಂಥಿ ಇದೆ. ಉದ್ದ ಮೂತಿಯ ನಾಯಿಯಲ್ಲಿ ಈ ಮೇಲ್ಮೈ ವಿಶಾಲ. ನಮ್ಮದೇ ನಾಡಿನ ಮುಧೋಳ ನಾಯಿಯ ನೀಳ ಮೂತಿಯನ್ನು ನೆನೆಸಿಕೊಳ್ಳಿ (2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನೇ ಹೊರತಂದಿತು). ಬಾಗಲಕೋಟೆಯ ಬಿಸಿಲಿನಲ್ಲಿ ಮೊಲದ ಹಿಂದೆ ಓಡುವ ಆ ನಾಯಿಗೆ ಮೂಗು ವಾಸನೆ ನೋಡುವ ಅಂಗ ಮಾತ್ರವಲ್ಲ, ಎಂಜಿನ್ನಿನ ರೇಡಿಯೇಟರ್ ಕೂಡ.

ಹುಣಸೂರು, ಪಿರಿಯಾಪಟ್ಟಣದ ಕಡೆಯ ಓದುಗರಿಗೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಉದಾಹರಣೆ ಸುಲಭವಾಗಿ ಹಿಡಿಸೀತು. ಬ್ಯಾರನ್ನಿನಲ್ಲಿ ಎಷ್ಟೇ ಬೆಂಕಿ ಹಾಕಿದರೂ ಗಾಳಿಕಿಂಡಿ ಮುಚ್ಚಿದ್ದರೆ ಎಲೆ ಒಣಗುವುದಿಲ್ಲ. ಒಳಗಿನ ಗಾಳಿ ತೇವದಿಂದ ತುಂಬಿ, ಮುಂದಕ್ಕೆ ನೀರು ಆವಿಯಾಗುವುದೇ ನಿಲ್ಲುತ್ತದೆ. ಒಣ ಗಾಳಿ ಒಳಬರಬೇಕು, ತೇವದ ಗಾಳಿ ಹೊರಹೋಗಬೇಕು. ಪಗ್‌ನ ಮೂಗು ಕಿಂಡಿ ಮುಚ್ಚಿದ ಬ್ಯಾರನ್: ಒಳಗೆ ಶಾಖವಿದೆ, ನೀರೂ ಇದೆ, ಗಾಳಿಯ ಓಡಾಟವಿಲ್ಲ.

ಒಂದು ಸರಳ ಲೆಕ್ಕ ಮಾಡೋಣ. ಎಂಟು ಕಿಲೋಗ್ರಾಂ ತೂಕದ ನಾಯಿ ಸುಮ್ಮನೆ ಮಲಗಿದ್ದಾಗ ಅದರ ದೇಹದಲ್ಲಿ ಉತ್ಪತ್ತಿಯಾಗುವ ಶಾಖ ಸುಮಾರು 16 ವ್ಯಾಟ್. ಅಂಗಳದಲ್ಲಿ ಮಕ್ಕಳ ಜೊತೆ ಓಡಾಡುವಾಗ ಇದು ಐದು ಪಟ್ಟಾಗುತ್ತದೆ ಎಂದುಕೊಳ್ಳಿ, 80 ವ್ಯಾಟ್. ಮಾರ್ಚ್-ಏಪ್ರಿಲ್ ಮಧ್ಯಾಹ್ನ ಹೊರಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಇದ್ದರೆ, ನಾಯಿಯ ಮೈ 38.5 ಡಿಗ್ರಿ. ಈ ಸಣ್ಣ ವ್ಯತ್ಯಾಸದಿಂದ ಚರ್ಮದ ಮೂಲಕ ಹೊರಹೋಗುವ ಶಾಖ ಅಲ್ಪ. ಹೆಚ್ಚಿನ ಹೊರೆಯೆಲ್ಲ ಆವಿಯಾಗುವಿಕೆಯದೇ. ದೇಹದ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಬೇಕು. ಹಾಗಾದರೆ 80 ವ್ಯಾಟ್ ಹೊರಹಾಕಲು ಗಂಟೆಗೆ 120 ಗ್ರಾಂ ನೀರು ಆವಿಯಾಗಬೇಕು.

ಆ ಆವಿಯನ್ನು ಹೊತ್ತೊಯ್ಯಲು ಎಷ್ಟು ಗಾಳಿ ಬೇಕು? ಇಲ್ಲಿ ಗಾಳಿಯ ತೇವಾಂಶದ ಪ್ರಶ್ನೆ ಬರುತ್ತದೆ. ದೇಹದ ಉಷ್ಣತೆಯಲ್ಲಿ ಪೂರ್ತಿ ತೇವಗೊಂಡು ಹೊರಬರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 46 ಗ್ರಾಂ ನೀರಾವಿ ಇರುತ್ತದೆ. ಏಪ್ರಿಲ್ಲಿನ ಒಣ ಮಧ್ಯಾಹ್ನ, 35 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡಾ 30 ಎಂದರೆ ಒಳಹೋಗುವ ಗಾಳಿಯಲ್ಲಿ ಇರುವುದು ಸುಮಾರು 12 ಗ್ರಾಂ. ಅಂದರೆ ಪ್ರತಿ ಘನ ಮೀಟರ್ ಗಾಳಿ 34 ಗ್ರಾಂ ನೀರನ್ನು ಒಯ್ಯಬಲ್ಲದು. ಮಳೆ ಬಿದ್ದು ಬಿಸಿಲು ಬಂದ ದಿನ, 30 ಡಿಗ್ರಿ, ಆರ್ದ್ರತೆ ಶೇಕಡಾ 80 ಎಂದರೆ ಒಳಹೋಗುವ ಗಾಳಿಯಲ್ಲೇ 24 ಗ್ರಾಂ ಇದೆ; ಅದು ಒಯ್ಯಬಲ್ಲದ್ದು 22 ಗ್ರಾಂ ಮಾತ್ರ. ಮೊದಲ ದಿನ ನಿಮಿಷಕ್ಕೆ ಸುಮಾರು 60 ಲೀಟರ್ ಗಾಳಿ ಸಾಕಾದರೆ, ಎರಡನೆಯ ದಿನ 90 ಲೀಟರ್ ಬೇಕು. ಉಷ್ಣಮಾಪಕ ಐದು ಡಿಗ್ರಿ ಕಡಿಮೆ ತೋರಿಸುತ್ತಿದ್ದರೂ ನಾಯಿಗೆ ಎರಡನೆಯ ದಿನವೇ ಕಷ್ಟ!

ಬೇಸಿಗೆಯಲ್ಲಿ ಮಾತ್ರ ಎಚ್ಚರವಾಗಿದ್ದರೆ ಸಾಕು ಎಂದು ತಿಳಿದವರು ಈ ಲೆಕ್ಕವನ್ನು ಗಮನಿಸಬೇಕು. ಕೆ.ಆರ್. ನಗರದ ಕಾವೇರಿ ನಾಲೆಯ ಗದ್ದೆ ಬಯಲು, ಕಬಿನಿ ಹಿನ್ನೀರಿನ ಸುತ್ತಿನ ಎಚ್.ಡಿ. ಕೋಟೆಯ ಊರುಗಳು, ಮಳೆಗಾಲದಲ್ಲೇ ಬ್ಯಾರನ್ ಉರಿಯುವ ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳು - ಇಲ್ಲೆಲ್ಲ ಗಾಳಿ ತೇವವಾಗಿರುವ ತಿಂಗಳುಗಳು ಹಲವು. ಬ್ಯಾರನ್ನಿನ ಒಲೆಯ ಪಕ್ಕ ನಾಯಿಯನ್ನು ಕಟ್ಟಿದರೆ ಶಾಖದ ಜೊತೆಗೆ ಹೊಗೆಯೂ ಸೇರುತ್ತದೆ. ಹೊಗೆಗೆ ಕೆರಳಿದ ಲೋಳೆಪೊರೆ ಊದಿ ಮೂಗಿನ ದಾರಿ ಒಂದಿಷ್ಟು ಕಿರಿದಾದರೂ ನಾಲ್ಕನೇ ಘಾತ ತನ್ನ ಕೆಲಸ ಮಾಡುತ್ತದೆ.

ಸಾಕಷ್ಟು ಗಾಳಿ ಸಿಗದಿದ್ದರೆ ಏನಾಗುತ್ತದೆ? 80 ವ್ಯಾಟ್‌ನಲ್ಲಿ 20 ಮಾತ್ರ ಹೊರಹೋಗಿ 60 ವ್ಯಾಟ್ ಮೈಯಲ್ಲೇ ಉಳಿಯಿತೆನ್ನಿ. ಎಂಟು ಕಿಲೋಗ್ರಾಂ ದೇಹದ ಉಷ್ಣತೆ ಒಂದು ಡಿಗ್ರಿ ಏರಲು ಸುಮಾರು 28,000 ಜೂಲ್ ಸಾಕು. ಭಾಗಿಸಿ ನೋಡಿ: ಎಂಟು ನಿಮಿಷಕ್ಕೆ ಒಂದು ಡಿಗ್ರಿ. 38.5ರಿಂದ 41.5 ಡಿಗ್ರಿಗೆ ಏರಲು ಅರ್ಧ ಗಂಟೆಯೂ ಬೇಡ. 41 ಡಿಗ್ರಿ ದಾಟಿತೆಂದರೆ ಕರುಳು, ಮೂತ್ರಪಿಂಡ, ಮಿದುಳು, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಎಲ್ಲವೂ ಅಪಾಯದಲ್ಲಿ.

ತೇಕುವುದಕ್ಕೂ ಶ್ರಮ ಬೇಕು, ಶ್ರಮದಿಂದ ಶಾಖ ಹುಟ್ಟುತ್ತದೆ. ಮಾಮೂಲಿ ನಾಯಿ ಇದನ್ನು ಸೊಗಸಾಗಿ ನಿಭಾಯಿಸುತ್ತದೆ. 1962ರಲ್ಲಿ ಯೂಜೀನ್ ಕ್ರಾಫರ್ಡ್ ಅಳೆದು ತೋರಿಸಿದಂತೆ, ನಾಯಿ ತನ್ನ ಎದೆ-ಶ್ವಾಸಕೋಶದ ಸಹಜ ಆವೃತ್ತಿಯಲ್ಲೇ, ಸೆಕೆಂಡಿಗೆ ಸುಮಾರು ಐದು ಸಲ, ತೇಕುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ಮೆಲ್ಲಗೆ ತಳ್ಳಿದರೆ ಸಾಕಲ್ಲವೆ? ಇದು ಅನುರಣನ. ಆದರೆ ರೋಧ ಹೆಚ್ಚಾದಷ್ಟೂ ಅನುರಣನದ ಲಾಭ ಕರಗುತ್ತದೆ. ಕೆಸರಿನಲ್ಲಿ ಕಾಲೆಳೆಯುವ ಉಯ್ಯಾಲೆಯನ್ನು ಪ್ರತಿಸಲವೂ ಬಲವಾಗಿ ನೂಕಬೇಕು. ಪಗ್ ತಂಪಾಗಲು ತೇಕುತ್ತದೆ, ತೇಕಿದಷ್ಟೂ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಗಂಟಲು ಊದುತ್ತದೆ. ಈ ಚಕ್ರ ಒಮ್ಮೆ ತಿರುಗತೊಡಗಿದರೆ ತಾನಾಗಿ ನಿಲ್ಲುವುದು ಅಪರೂಪ.

ಅಂಕಿಅಂಶಗಳು ಇದನ್ನೇ ಹೇಳುತ್ತವೆ. ರಾಯಲ್ ವೆಟರ್ನರಿ ಕಾಲೇಜು ಬ್ರಿಟನ್ನಿನ ಪಶುಚಿಕಿತ್ಸಾಲಯಗಳ ದಾಖಲೆಗಳಿಂದ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,308 ಪಗ್‌ಗಳನ್ನು 21,835 ಇತರ ನಾಯಿಗಳೊಂದಿಗೆ ಹೋಲಿಸಲಾಯಿತು. ಉಸಿರಿನ ದಾರಿಯ ಅಡಚಣೆಯ ಸಂಭವ ಪಗ್‌ಗಳಲ್ಲಿ 54 ಪಟ್ಟು, ಕಿರಿದಾದ ಹೊಳ್ಳೆ 51 ಪಟ್ಟು, ಕಣ್ಣಿನ ಹುಣ್ಣು 13 ಪಟ್ಟು, ಚರ್ಮದ ನೆರಿಗೆಯ ಸೋಂಕು 11 ಪಟ್ಟು. ಇಂಗ್ಲೆಂಡಿನ ತಣ್ಣನೆಯ ಹವೆಯಲ್ಲೇ ಹೀಗೆ!

ಕಣ್ಣು, ಚರ್ಮ, ಹಲ್ಲು, ಬೆನ್ನು

ಮುಖ ಚಪ್ಪಟೆಯಾದಾಗ ಕಣ್ಣಿನ ಗೂಡೂ ಆಳ ಕಳೆದುಕೊಳ್ಳುತ್ತದೆ. ಗುಡ್ಡೆ ಮುಂದಕ್ಕೆ ಉಬ್ಬಿ, ರೆಪ್ಪೆ ಪೂರ್ತಿ ಮುಚ್ಚಿಕೊಳ್ಳದೆ, ನಡುವಿನ ಭಾಗ ಒಣಗುತ್ತದೆ. ಮೂಗಿನ ನೆರಿಗೆಯ ಕೂದಲು ಅದನ್ನು ಉಜ್ಜುತ್ತಲೇ ಇರುತ್ತದೆ. ನಿಧಾನವಾಗಿ ಕಂದು ಬಣ್ಣ ಹರಡಿ ದೃಷ್ಟಿ ಮಂಕಾಗುವುದು ಒಂದು ಬಗೆ. ಒಕ್ಕಣೆಯ ದೂಳೋ ಹುಲ್ಲಿನ ಮೊನೆಯೋ ತಾಗಿ ಥಟ್ಟನೆ ಹುಣ್ಣಾಗುವುದು ಇನ್ನೊಂದು. ಒಂದು ಕಣ್ಣನ್ನು ಕಿರಿದು ಮಾಡಿಕೊಂಡಿದ್ದರೆ, ನೀರು ಸುರಿಯುತ್ತಿದ್ದರೆ, ಕಣ್ಣು ನೀಲಿಗಟ್ಟಿದಂತಿದ್ದರೆ ಅಂದೇ ಪಶುವೈದ್ಯರಿಗೆ ತೋರಿಸಿ. ಮನೆಯಲ್ಲಿರುವ ಯಾವುದೋ ಹಳೆಯ ಕಣ್ಣಿನ ಹನಿ ಹಾಕಬೇಡಿ; ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಹುಣ್ಣು ಆಳವಾಗುತ್ತದೆ. ಕುತ್ತಿಗೆ ಪಟ್ಟಿ ಹಿಡಿದು ಜಗ್ಗುವುದೂ ಬೇಡ. ಕುತ್ತಿಗೆಯ ಮೇಲಿನ ಒತ್ತಡ ಗಾಳಿದಾರಿಗೂ ಕಣ್ಣಿಗೂ ಕೆಟ್ಟದು. ಎದೆಯ ಸುತ್ತ ಹಾಕುವ ಪಟ್ಟಿ ಸಿಗುತ್ತದೆ, ಅದನ್ನು ಬಳಸಿ.

ನೆರಿಗೆಗಳ ಸಂದಿ ಸದಾ ಬೆಚ್ಚಗೆ, ಒದ್ದೆಯಾಗಿ, ಗಾಳಿಯಾಡದೆ ಇರುವುದರಿಂದ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳಿಗೆ ಹಬ್ಬ. ಒರೆಸಿ ಒಣಗಿಸುವುದು ದಿನದ ಕೆಲಸವಾಗಬೇಕು. ಇನ್ನು ಹಲ್ಲು: ನಾಯಿಗೆ 42 ಹಲ್ಲು, ಪಗ್‌ಗೂ ಅಷ್ಟೇ, ದವಡೆ ಮಾತ್ರ ಅರ್ಧ. ಹಲ್ಲುಗಳು ಅಡ್ಡಡ್ಡ ತಿರುಗಿ ಒತ್ತಾಗಿ ನಿಂತು ಒಸಡು ಕೆಡುತ್ತದೆ. ಸುರುಳಿ ಬಾಲದ ಅಂದಕ್ಕೂ ಬೆನ್ನುಮೂಳೆಯಲ್ಲಿನ ಅರ್ಧಂಬರ್ಧ ಬೆಳೆದ ಕಶೇರುಮಣಿಗಳಿಗೂ ನಂಟಿದೆ. ಕೆಲವದರಲ್ಲಿ ಹಿಂಗಾಲು ಸೋಲುತ್ತದೆ. ಮೂತಿಗೆ ಸಂಬಂಧವಿಲ್ಲದ, ಮಿದುಳಿನ ಉರಿಯೂತದ ಒಂದು ಮಾರಕ ಕಾಯಿಲೆಯೂ ಈ ತಳಿಯಲ್ಲಿದೆ. ಅದು ಬೇರೆಯದೇ ವಿಷಯ.

ಬೊಜ್ಜಿನ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಈ ಇಡೀ ಪಟ್ಟಿಯಲ್ಲಿ ಪೂರ್ತಿಯಾಗಿ ನಿಮ್ಮ ಕೈಯಲ್ಲಿರುವುದು ಅದೊಂದೇ. ಪಗ್‌ನ ಸರಿಯಾದ ತೂಕ ಆರರಿಂದ ಎಂಟು ಕಿಲೋಗ್ರಾಂ. ಹನ್ನೆರಡು ಕಿಲೋಗ್ರಾಂ ಪಗ್‌ಗಳೂ ನಮ್ಮಲ್ಲಿ ಅಪರೂಪವಲ್ಲ. ಕೊಬ್ಬು ಗಂಟಲಿನ ಸುತ್ತಲೂ ಸೇರಿ ದಾರಿಯನ್ನು ಕಿರಿದಾಗಿಸುತ್ತದೆ, ಚರ್ಮದಡಿ ಕಂಬಳಿಯಂತೆ ಹೊದ್ದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಎಂಟು ಕಿಲೋಗ್ರಾಂ ಪಗ್‌ಗೆ ದಿನಕ್ಕೆ ಬೇಕಾದದ್ದು ಸುಮಾರು 500 ಕಿಲೋಕ್ಯಾಲೊರಿ. ನೂರು ಗ್ರಾಂ ಗ್ಲುಕೋಸ್ ಬಿಸ್ಕತ್ತಿನಲ್ಲಿ 450 ಇದೆ. ಮನೆಯವರೆಲ್ಲ ಕಾಫಿ ಕುಡಿಯುವಾಗ ಒಂದೊಂದು ಎಂದು ಹಾಕಿದ ಬಿಸ್ಕತ್ತು ಸಂಜೆಯೊಳಗೆ ಅದರ ಇಡೀ ದಿನದ ಊಟವಾಗಿರುತ್ತದೆ. ಅನ್ನ-ಹಾಲು ಅದರ ಮೇಲೆ.

ಮೈ ಕಾದಾಗ

ನಾಲಗೆ ನೀಲಿಗಟ್ಟಿದ್ದರೆ, ಉಸಿರಿನಲ್ಲಿ ಗರಗಸದಂಥ ಸದ್ದು ಬರುತ್ತಿದ್ದರೆ, ನಾಯಿ ತೂರಾಡುತ್ತಿದ್ದರೆ ಮೊದಲು ನೀರು, ಆಮೇಲೆ ಆಸ್ಪತ್ರೆ. ನೆರಳಿಗೆ ತಂದು ಮೈಮೇಲೆ ಧಾರಾಳವಾಗಿ ನಲ್ಲಿಯ ನೀರು ಸುರಿದು ಫ್ಯಾನಿನ ಗಾಳಿ ಕೊಡಿ. ಫ್ಯಾನಿಲ್ಲದಿದ್ದರೆ ರಟ್ಟಿನಿಂದ ಬೀಸಿ. ಒದ್ದೆ ಬಟ್ಟೆ ಹೊದಿಸಿ ಹಾಗೆಯೇ ಬಿಡುವುದು ನಮ್ಮಲ್ಲಿ ರೂಢಿ. ಆದರೆ ಬಟ್ಟೆ ಬೇಗ ಬಿಸಿಯಾಗಿ, ಅದರಡಿಯ ಗಾಳಿ ತೇವದಿಂದ ತುಂಬಿ, ಆವಿಯಾಗುವಿಕೆ ನಿಂತುಬಿಡುತ್ತದೆ. ಮತ್ತೆ ಅದೇ ಕಿಂಡಿ ಮುಚ್ಚಿದ ಬ್ಯಾರನ್! ಬಾಯಿಗೆ ಬಲವಂತವಾಗಿ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಹೋದೀತು. ಮೈ ತಂಪಾಗುತ್ತಿದ್ದಂತೆ, ನೀರು ಹಾಕುವುದನ್ನು ನಿಲ್ಲಿಸದೆಯೇ, ಪಶು ಆಸ್ಪತ್ರೆಗೆ ಒಯ್ಯಿರಿ. ಚೇತರಿಸಿಕೊಂಡಂತೆ ಕಂಡರೂ ಒಯ್ಯಿರಿ. ಕಾರಿನಲ್ಲಿ ನಾಯಿಯನ್ನು ಬಿಟ್ಟು "ಐದು ನಿಮಿಷ" ಅಂಗಡಿಗೆ ಹೋಗುವುದಂತೂ ಬೇಡವೇ ಬೇಡ. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ 20 ಡಿಗ್ರಿಗೂ ಹೆಚ್ಚು ಏರಬಲ್ಲದು, ಅದರ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ. ಗಾಜು ಎರಡು ಬೆರಳು ಇಳಿಸಿಟ್ಟರೂ ಹೆಚ್ಚೇನೂ ಪ್ರಯೋಜನವಿಲ್ಲ.

ಹೊಳ್ಳೆ ಅಗಲಿಸುವ, ಉದ್ದನೆಯ ಅಂಗುಳವನ್ನು ಮೊಟಕುಗೊಳಿಸುವ ಶಸ್ತ್ರಚಿಕಿತ್ಸೆ ಇದೆ. ಧ್ವನಿಪೆಟ್ಟಿಗೆ ಸೋಲುವ ಮೊದಲೇ, ಚಿಕ್ಕ ವಯಸ್ಸಿನಲ್ಲೇ ಮಾಡಿಸಿದರೆ ಫಲ ಹೆಚ್ಚು. ನಿಮ್ಮ ತಾಲ್ಲೂಕಿನ ಪಶುವೈದ್ಯರನ್ನು ಕೇಳಿದರೆ ಬೆಂಗಳೂರಿನ ಹೆಬ್ಬಾಳ ಅಥವಾ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಹೋಗಬೇಕೇ ಎಂದು ಸಲಹೆ ನೀಡುತ್ತಾರೆ. ಬೇರೆ ಯಾವ ಕಾರಣಕ್ಕೇ ಅರಿವಳಿಕೆ ಕೊಡುವುದಿದ್ದರೂ ಗೊರಕೆಯ ವಿಷಯವನ್ನು ಅವರಿಗೆ ಮೊದಲೇ ತಿಳಿಸಿ.

ಮರಿ ಕೊಳ್ಳುವ ಮುನ್ನ ಒಂದು ಅಳತೆ

ಮೂತಿಯ ಉದ್ದವನ್ನು ತಲೆಬುರುಡೆಯ ಉದ್ದದಿಂದ ಭಾಗಿಸಿದರೆ ಒಂದು ಅನುಪಾತ ಸಿಗುತ್ತದೆ. ಮೂಗಿನ ತುದಿಯಿಂದ ಎರಡು ಕಣ್ಣುಗಳ ನಡುವಿನ ತಗ್ಗಿನವರೆಗೆ ಮೂತಿ. ಆ ತಗ್ಗಿನಿಂದ ನೆತ್ತಿಯ ಹಿಂದಿನ ಮೂಳೆಯ ಉಬ್ಬಿನವರೆಗೆ ಬುರುಡೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಉಸಿರಿನ ಅಡಚಣೆಯ ಕಾಯಿಲೆ ಕಂಡುಬಂದದ್ದು ಈ ಅನುಪಾತ 0.5ಕ್ಕಿಂತ ಕಡಿಮೆ ಇದ್ದ ನಾಯಿಗಳಲ್ಲಿ ಮಾತ್ರ. ಅನುಪಾತ ಇಳಿದಂತೆ ಅಪಾಯ ಕಡಿದಾಗಿ ಏರಿತು. ಪಗ್‌ಗಳಲ್ಲಿ ಇದು ಸಾಮಾನ್ಯವಾಗಿ 0.1ರ ಆಸುಪಾಸು. ನೆದರ್ಲೆಂಡ್ಸ್ ದೇಶ 2019ರಲ್ಲಿ ಇದನ್ನೇ ಕಾನೂನಿನ ಅಳತೆಗೋಲು ಮಾಡಿಕೊಂಡು, ಅನುಪಾತ 0.3ಕ್ಕಿಂತ ಕಡಿಮೆ ಇರುವ ನಾಯಿಗಳಿಂದ ಮರಿ ಮಾಡಿಸುವುದನ್ನು ನಿಷೇಧಿಸಿತು. ನೆರೆಯ ತಮಿಳುನಾಡು ಸರ್ಕಾರ 2024ರಲ್ಲಿ ಹೊರತಂದ ನಾಯಿ ತಳಿ ನೀತಿಯಲ್ಲೂ, ಅಲ್ಲಿನ ಹವೆಗೆ ಒಗ್ಗದ ತಳಿಗಳ ಪಟ್ಟಿಯಲ್ಲಿ ಪಗ್ ಇತ್ತು. ಕೇಂದ್ರ ಸರ್ಕಾರದ 2017ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಯಾವ ತಳಿಯ ಮರಿಯನ್ನೂ ಮಾರುವಂತಿಲ್ಲ.

ನನ್ನನ್ನು ಕೇಳಿದರೆ, ನಮ್ಮ ಹವೆಗೆ ಹುಟ್ಟಿದ ಊರನಾಯಿಯ ಮರಿಯನ್ನೇ ಸಾಕಿ ಎನ್ನುತ್ತೇನೆ. ಪಗ್ಗೇ ಬೇಕೆನ್ನುವವರು ಮರಿಯನ್ನು ಮಾತ್ರ ನೋಡಿ ಬರಬೇಡಿ. ಅದರ ತಂದೆ-ತಾಯಿಯನ್ನು ತೋರಿಸಲು ಹೇಳಿ. ಹೊಳ್ಳೆ ಗೆರೆಯಂತಿದೆಯೋ ತೂತಿನಂತಿದೆಯೋ ನೋಡಿ. ತಂಪು ಹೊತ್ತಿನಲ್ಲಿ ಮೂರು ನಿಮಿಷ ಚುರುಕಾಗಿ ನಡೆಸಿ, ಉಸಿರಿನ ಸದ್ದು ಕೇಳಿ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಶ್ರೇಣಿ ಪರೀಕ್ಷೆಯ ತಿರುಳೂ ಇಷ್ಟೇ: ನಡಿಗೆಗೆ ಮೊದಲು ಮತ್ತು ಅನಂತರ ಗಂಟಲಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳುವುದು.

ಶಿಕ್ಷಕ ಮಿತ್ರರು ಈ ಅನುಪಾತವನ್ನು ಪ್ರೌಢಶಾಲೆಯ ಮಕ್ಕಳಿಗೆ ಒಂದು ಯೋಜನೆಯಾಗಿ ಕೊಡಬಹುದು. ದಾರ, ಅಳತೆಪಟ್ಟಿ ಸಾಕು. ಊರಿನಲ್ಲಿ ಸಾಕಿದ ನಾಯಿಗಳನ್ನು ಅಳೆದು, ಅನುಪಾತವನ್ನು ಒಂದು ಅಕ್ಷದಲ್ಲೂ, ನೆರಳಿನಲ್ಲಿ ಮಲಗಿರುವಾಗ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಎಂಬುದನ್ನು ಇನ್ನೊಂದು ಅಕ್ಷದಲ್ಲೂ ಗುರುತಿಸಿ ನಕ್ಷೆ ಬರೆಯಲಿ. ಅಳೆಯುವಾಗ ನಾಯಿಯ ತಲೆಯನ್ನು ಮನೆಯವರೇ ಹಿಡಿದಿರಲಿ, ನಾಯಿಗೆ ರೇಬೀಸ್ ಲಸಿಕೆ ಆಗಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಬೀದಿ ನಾಯಿಗಳ ಹತ್ತಿರ ದಾರ ಹಿಡಿದು ಹೋಗುವುದು ಬೇಡ.